ಗ್ರಾಮಸಭೆಯ ಜೊತೆಗೂಡಿ ಸಂಶೋಧನೆ: ಆದಿವಾಸಿ ಸ್ವಯಂ ಆಡಳಿತಕ್ಕೆ ನೆರವಾಗುವ ಅಧ್ಯಯನ ನಡೆಸುವ ಬಗೆ

ಮುಂಬೈಯ ದೇವನಾರ್‌ನಲ್ಲಿರುವ ಟಾಟಾ ಸಮಾಜ ವಿಜ್ಞಾನ ಸಂಸ್ಥೆಯಲ್ಲಿ, ಪುಣೆ ವಿಶ್ವವಿದ್ಯಾಲಯದ ಮಾನವಶಾಸ್ತ್ರ ವಿಭಾಗದಲ್ಲಿ, ಗೋವಾ ವಿಶ್ವವಿದ್ಯಾಲಯದಲ್ಲಿ ಓದುತ್ತಿರುವ ಕನ್ನಡದ ವಿದ್ಯಾರ್ಥಿಗಳಿಂದಲೂ, ಉದ್ಯೋಗದ ನಡುವೆ ಬಿಡುವು ಮಾಡಿಕೊಂಡು ಆದಿವಾಸಿ ಹಳ್ಳಿಗಳಿಗೆ ಹೋಗಿಬರುವ ಗೆಳೆಯರಿಂದಲೂ ಒಂದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತಿದೆ: ನಮ್ಮ ಅಧ್ಯಯನ ಪದವಿಗಷ್ಟೇ ಮುಗಿಯದೆ ಆ ಜನರ ಆಡಳಿತಕ್ಕೆ ನೆರವಾಗಬೇಕಾದರೆ ಎಲ್ಲಿಂದ ಆರಂಭಿಸಬೇಕು? ಗ್ರಾಮಸಭೆ ತನ್ನ ಕಪಾಟಿನಲ್ಲಿ ಇಟ್ಟುಕೊಂಡು, ಬೇಕೆನಿಸಿದಾಗ ತೆಗೆದು, ಅಧಿಕಾರಿಗಳ ಮುಂದೆ ತಾನೇ ಮಂಡಿಸಬಲ್ಲ ದಾಖಲೆಯನ್ನು ಉಳಿಸಿಹೋಗದ ಅಧ್ಯಯನವನ್ನು ಸಮುದಾಯ ಆಧಾರಿತ ಅಧ್ಯಯನವೆಂದು ಕರೆಯಬಾರದೆಂಬುದು ನನ್ನ ದೃಢವಾದ ನಿಲುವು. ಕೆಳಗಿನ ಹಂತಗಳೆಲ್ಲ ಆ ನಿಲುವಿನಿಂದಲೇ ಹೊರಟಿವೆ.

ಆರಂಭಕ್ಕೆ ಮೊದಲು ತಿಳಿದಿರಬೇಕಾದದ್ದು

ಎರಡು ಕಾಯ್ದೆಗಳನ್ನು ಮೂಲದಲ್ಲಿಯೇ ಓದಿಕೊಳ್ಳಿ. ಮೊದಲನೆಯದು 1996ರ ಪೆಸಾ, ಅಂದರೆ ಪಂಚಾಯತ್ ವ್ಯವಸ್ಥೆಯನ್ನು ಸಂವಿಧಾನದ ಐದನೇ ಅನುಸೂಚಿಯ ಪ್ರದೇಶಗಳಿಗೆ, ಅಂದರೆ ಆದಿವಾಸಿಗಳು ಹೆಚ್ಚಾಗಿರುವ, ‘ಅನುಸೂಚಿತ ಪ್ರದೇಶ’ವೆಂದು ಘೋಷಿತವಾದ ಕಡೆಗಳಿಗೆ, ವಿಸ್ತರಿಸಿದ ಕಾಯ್ದೆ. ಜನರ ಸಂಪ್ರದಾಯ, ಸಾಂಸ್ಕೃತಿಕ ಅಸ್ಮಿತೆ, ಸಾಮುದಾಯಿಕ ಸಂಪನ್ಮೂಲ ಮತ್ತು ವ್ಯಾಜ್ಯ ಬಗೆಹರಿಸುವ ರೂಢಿಯ ವಿಧಾನಗಳನ್ನು ಕಾಪಾಡುವ ಸಾಮರ್ಥ್ಯ ಗ್ರಾಮಸಭೆಗೆ ಇದೆಯೆಂದು ಅದು ಒಪ್ಪುತ್ತದೆ. ಎರಡನೆಯದು 2006ರ ಅರಣ್ಯ ಹಕ್ಕು ಕಾಯ್ದೆ, ಅಂದರೆ ಕಾಡನ್ನು ನಂಬಿ ಬಾಳಿಕೊಂಡು ಬಂದವರಿಗೆ ಅಲ್ಲಿನ ನೆಲ ಮತ್ತು ಕಾಡಿನ ಮೇಲಿರುವ ಹಕ್ಕನ್ನು ಮಾನ್ಯ ಮಾಡುವ ಕಾಯ್ದೆ. ಅದರ ಜೊತೆಗೆ 2008ರ ನಿಯಮಗಳನ್ನೂ 2012ರ ತಿದ್ದುಪಡಿಯನ್ನೂ ಸೇರಿಸಿ ಓದಬೇಕು. ಮಾನವಶಾಸ್ತ್ರದವರಿಗೆ ಅತ್ಯಂತ ಮುಖ್ಯವಾದುದು ಈ ನಿಯಮಗಳಲ್ಲಿನ ನಿಯಮ 13. ಹಕ್ಕಿನ ಕೋರಿಕೆಗೆ ಯಾವುದು ಪುರಾವೆಯಾಗಬಲ್ಲದು ಎಂಬ ಪಟ್ಟಿ ಅಲ್ಲಿದೆ. ಗೆಜೆಟಿಯರ್, ಜನಗಣತಿ, ಸರ್ವೆ ವರದಿಗಳ ಜೊತೆಗೆ ಭಾರತೀಯ ಮಾನವಶಾಸ್ತ್ರ ಸರ್ವೇಕ್ಷಣ ಸಂಸ್ಥೆಯಂಥ ಹೆಸರಾಂತ ಸಂಸ್ಥೆಗಳು ರೂಢಿ ಸಂಪ್ರದಾಯಗಳ ಬಗ್ಗೆ ನಡೆಸಿದ ಅಧ್ಯಯನ, ವಂಶಾವಳಿ, ಹಿರಿಯರ ಲಿಖಿತ ಹೇಳಿಕೆ ಇವೆಲ್ಲವೂ ಆ ಪಟ್ಟಿಯಲ್ಲಿವೆ. ನೀವು ತರಗತಿಯಲ್ಲಿ ಕಲಿತ ಕೆಲಸಕ್ಕೆ ಕಾನೂನಿನಲ್ಲಿಯೇ ಸ್ಥಾನವಿದೆ ಎಂಬುದನ್ನು ಮೊದಲೇ ಮನದಟ್ಟು ಮಾಡಿಕೊಳ್ಳಿ.

ಕೆಲವು ಪದಗಳ ಪರಿಚಯವೂ ಇಲ್ಲಿಯೇ ಆಗಿಬಿಡಲಿ. ಗ್ರಾಮಸಭೆ ಎಂದರೆ ಊರಿನ ಎಲ್ಲ ವಯಸ್ಕರ ಸಭೆ. ಆರಿಸಿಬಂದ ಸದಸ್ಯರ ಗ್ರಾಮ ಪಂಚಾಯತ್ ಅಲ್ಲ. ಪಾಡಾ ಅಥವಾ ವಾಡಿ ಎಂದರೆ ಊರಿನಿಂದ ಬೇರೆಯಾಗಿರುವ ಆದಿವಾಸಿ ಕೇರಿ. ವನಹಕ್ಕು ಸಮಿತಿ ಎಂದರೆ ಹಕ್ಕಿನ ಕೋರಿಕೆಗಳನ್ನು ಪರಿಶೀಲಿಸಲು ಗ್ರಾಮಸಭೆ ತನ್ನೊಳಗಿನಿಂದಲೇ ಆರಿಸುವ 10ರಿಂದ 15 ಜನರ ಸಮಿತಿ. ಅದರಲ್ಲಿ ಮೂರನೇ ಒಂದು ಭಾಗವಾದರೂ ಮಹಿಳೆಯರಿರಬೇಕು. ಸಾಮುದಾಯಿಕ ಅರಣ್ಯ ಸಂಪನ್ಮೂಲದ ಹಕ್ಕು ಎಂದರೆ ಊರು ರೂಢಿಯಿಂದ ಬಳಸಿ ಕಾಪಾಡಿಕೊಂಡು ಬಂದ ಕಾಡನ್ನು ತಾನೇ ನಿರ್ವಹಿಸುವ ಹಕ್ಕು. ಮಹಾರಾಷ್ಟ್ರದಲ್ಲಿ ಜನ ಇದನ್ನು ಸಾಮೂಹಿಕ ವನಹಕ್ಕು ಎನ್ನುತ್ತಾರೆ, ಮತ್ತು ಸ್ವಯಂ ಆಡಳಿತದ ಮಾತು ಬಂದಾಗ ಅವರ ಮನಸ್ಸಿನಲ್ಲಿ ಇರುವುದು ಬಹುಪಾಲು ಇದೇ ಹಕ್ಕು.

ಸಲಕರಣೆಗಳ ವಿಷಯದಲ್ಲಿ ಹೆಚ್ಚು ಹೇಳುವುದಿಲ್ಲ. ಜಿಪಿಎಸ್ ಇರುವ ಮೊಬೈಲ್, ಗಟ್ಟಿ ರಟ್ಟಿನ ನೋಟುಪುಸ್ತಕ, ಭಾರತೀಯ ಸರ್ವೇಕ್ಷಣ ಇಲಾಖೆಯ ನಕ್ಷೆಯ ಪ್ರತಿ, ಓದಿ ಬರೆಯುವಷ್ಟು ಮರಾಠಿ ಅಥವಾ ಕೊಂಕಣಿ ಸಾಕು. ನಿಮ್ಮ ಟಿಪ್ಪಣಿ ಕನ್ನಡದಲ್ಲಿ ಇರಬಹುದು. ಊರಿಗೆ ಸಲ್ಲುವ ಕಾಗದ ಮಾತ್ರ ಊರಿನವರು ಓದಬಲ್ಲ ಭಾಷೆಯಲ್ಲಿಯೇ ಇರಬೇಕು.

1. ಊರು ಯಾವ ಕಾನೂನಿನ ಕೆಳಗಿದೆ ಎಂದು ಗೊತ್ತುಮಾಡಿಕೊಳ್ಳಿ

ಮಹಾರಾಷ್ಟ್ರದಲ್ಲಿ ಪೆಸಾ ಎಲ್ಲ ಕಡೆಯೂ ಅನ್ವಯಿಸುವುದಿಲ್ಲ. ಪುಣೆ ಜಿಲ್ಲೆಯಲ್ಲಿ ಆಂಬೇಗಾಂವ್ ಮತ್ತು ಜುನ್ನರ್ ತಾಲೂಕುಗಳ ಕೆಲವು ಭಾಗ ಅನುಸೂಚಿತ ಪ್ರದೇಶವಾಗಿದೆ. ಮುಂಬೈಗೆ ಹತ್ತಿರದ ಠಾಣೆ, ಪಾಲ್ಘರ್ ಜಿಲ್ಲೆಗಳಲ್ಲಿ ಶಹಾಪುರ, ಜವ್ಹಾರ್, ಡಹಾಣೂ ಮುಂತಾದ ಕಡೆ ಅದು ಅನ್ವಯಿಸುತ್ತದೆ. ಕಾತಕರಿ ಮತ್ತು ಠಾಕರ ಎಂಬ ಆದಿವಾಸಿ ಸಮುದಾಯಗಳು ಬಹಳ ಸಂಖ್ಯೆಯಲ್ಲಿರುವ ರಾಯಗಡ ಜಿಲ್ಲೆ ಅನುಸೂಚಿತ ಪ್ರದೇಶದಲ್ಲಿಲ್ಲ. ಗೋವಾದಲ್ಲಿ ಅನುಸೂಚಿತ ಪ್ರದೇಶವೇ ಇಲ್ಲ. ಇಂಥ ಕಡೆ ಅರಣ್ಯ ಹಕ್ಕು ಕಾಯ್ದೆಯೊಂದೇ ನಿಮಗೆ ಆಧಾರ. ಆ ಕಾಯ್ದೆಯ ವ್ಯಾಖ್ಯೆಯಲ್ಲಿ ಅರಣ್ಯ ಗ್ರಾಮಗಳು, ಹಳೆಯ ವಸತಿಗಳು, ಸರ್ವೆಯಾಗದ ಹಳ್ಳಿಗಳು ಕೂಡ ಗ್ರಾಮವೆನಿಸುತ್ತವೆ. ಹೀಗಾಗಿ ಕಂದಾಯದ ಪುಸ್ತಕದಲ್ಲಿ ಹೆಸರಿಲ್ಲವೆಂಬ ಒಂದೇ ಕಾರಣಕ್ಕೆ ಕಾತಕರಿ ವಾಡಿಯನ್ನು ಕೈಬಿಡಬೇಕಾಗಿಲ್ಲ.

ಪೆಸಾ ಪ್ರದೇಶದಲ್ಲಿ ಒಂದು ಪಾಡಾ ತಾನೇ ಪ್ರತ್ಯೇಕ ಗ್ರಾಮವಾಗಬಹುದು. ಇದಕ್ಕೆ ಮಹಾರಾಷ್ಟ್ರದ 2014ರ ಪೆಸಾ ನಿಯಮಗಳಲ್ಲಿ ವಿಧಾನವಿದೆ: ಪಾಡಾದ ಜನ ಠರಾವು ಮಾಡಿ ಪ್ರಾಂತರಿಗೆ, ಅಂದರೆ ಉಪವಿಭಾಗಾಧಿಕಾರಿಗೆ, ಕಳುಹಿಸಬೇಕು. ಹಲವು ಪಾಡಾಗಳು ಸೇರಿದ ದೊಡ್ಡ ಪಂಚಾಯತಿನಲ್ಲಿ ಆದಿವಾಸಿಗಳ ಮಾತು ಅಡಗಿಹೋಗುತ್ತಿದ್ದರೆ, ನಿಮ್ಮ ಅಧ್ಯಯನ ನೆರವಾಗಬೇಕಾದ ಮೊದಲ ಕೆಲಸ ಇದೇ ಆಗಿರಬಹುದು.

ಗೋವಾದಲ್ಲಿರುವ ಕನ್ನಡಿಗರಿಗೆ ಇನ್ನೊಂದು ಎಚ್ಚರಿಕೆ. ಗೋವಾದಲ್ಲಿ ಕುಣಬಿ, ಗಾವಡಾ, ವೇಳೀಪ ಸಮುದಾಯಗಳು 2003ರಿಂದ ಪರಿಶಿಷ್ಟ ಪಂಗಡಗಳೆನಿಸಿವೆ. ಗಡಿ ದಾಟಿ ಜೋಯಿಡಾಕ್ಕೆ ಬಂದರೆ ಅಲ್ಲಿನ ಕುಣಬಿಗಳಿಗೆ ಕರ್ನಾಟಕದಲ್ಲಿ ಆ ಮಾನ್ಯತೆ ಇಲ್ಲ. ಪರಿಶಿಷ್ಟ ಪಂಗಡದವರು 2005ರ ಡಿಸೆಂಬರ್ 13ಕ್ಕೆ ಮೊದಲು ಆ ಅರಣ್ಯಭೂಮಿಯಲ್ಲಿದ್ದರು ಎಂದು ತೋರಿಸಿದರೆ ಸಾಕು. ಉಳಿದ ಪಾರಂಪರಿಕ ಅರಣ್ಯವಾಸಿಗಳು ಆ ದಿನಾಂಕಕ್ಕೆ ಹಿಂದಿನ ಮೂರು ತಲೆಮಾರು, ಅಂದರೆ 75 ವರ್ಷಗಳ ವಾಸವನ್ನು ತೋರಿಸಬೇಕು. ಹಾಗಾಗಿ ಒಂದೇ ನೆಂಟಸ್ತಿಕೆಯ ಎರಡು ಊರುಗಳಲ್ಲಿ ಒಂದು ಗೋವಾದ ಸಾಂಗೆಯಲ್ಲಿದ್ದು ಇನ್ನೊಂದು ಜೋಯಿಡಾದಲ್ಲಿದ್ದರೆ ಪುರಾವೆಯ ಹೊರೆ ಬೇರೆ ಬೇರೆಯಾಗುತ್ತದೆ. ಮಹಾರಾಷ್ಟ್ರದಲ್ಲಿ ಕುಣಬಿ ಎಂಬ ಹೆಸರಿನಿಂದ ಕರೆಯಲಾಗುವ ಒಕ್ಕಲು ಸಮುದಾಯವನ್ನು ಇವರೊಂದಿಗೆ ಬೆರೆಸಬೇಡಿ.

2. ಒಪ್ಪಿಗೆಯನ್ನು ಗ್ರಾಮಸಭೆಯಿಂದಲೇ ಪಡೆಯಿರಿ

ನಿಮ್ಮ ಸಂಸ್ಥೆಯ ನೈತಿಕತಾ ಸಮಿತಿ ಕೊಟ್ಟ ಅನುಮತಿ ನಿಮ್ಮ ಸಂಸ್ಥೆಗೆ ಸಾಕು, ಊರಿಗೆ ಸಾಲದು. ಸರಪಂಚರ ಸಹಿ, ಗ್ರಾಮಸೇವಕರ ಪತ್ರ ಅಥವಾ ಪರಿಚಯದ ಕಾರ್ಯಕರ್ತರ ಮಾತು ಕೂಡ ಊರಿನ ಒಪ್ಪಿಗೆಯಾಗುವುದಿಲ್ಲ. ವಿಶ್ವಸಂಸ್ಥೆಯ 2007ರ ಮೂಲನಿವಾಸಿಗಳ ಹಕ್ಕುಗಳ ಘೋಷಣೆಯಲ್ಲಿರುವ ‘ಮುಕ್ತ, ಪೂರ್ವಭಾವಿ ಮತ್ತು ತಿಳಿವಳಿಕೆಯ ಒಪ್ಪಿಗೆ’ ಎಂಬ ತತ್ವವನ್ನು ಪಾಡಾದ ಮಟ್ಟಕ್ಕೆ ತಂದರೆ ಅದರ ಅರ್ಥ ಇಷ್ಟು: ಒತ್ತಡವಿಲ್ಲದೆ, ಕೆಲಸ ಆರಂಭವಾಗುವ ಮೊದಲೇ, ಎಲ್ಲ ವಿವರ ಕೇಳಿ ತಿಳಿದ ಮೇಲೆ, ಊರು ತನ್ನದೇ ಸಭೆಯಲ್ಲಿ ಹೌದು ಅಥವಾ ಬೇಡ ಎನ್ನುವುದು.

ಮೊದಲ ಭೇಟಿಯಲ್ಲಿ ಒಪ್ಪಿಗೆ ಕೇಳಬೇಡಿ. ನೀವು ಯಾರು, ಹಣ ಎಲ್ಲಿಂದ ಬರುತ್ತದೆ, ಇದರಿಂದ ನಿಮಗೆ ಸಿಗುವ ಪದವಿ ಅಥವಾ ಸಂಬಳ ಏನು, ಊರಿಗೆ ಸಿಗುವುದೇನು, ಯಾವುದನ್ನು ನೀವು ಖಂಡಿತ ಕೊಡಿಸಲಾರಿರಿ ಎಂಬುದನ್ನು ಹೇಳಿ ಮರಳಿ ಬನ್ನಿ. ಊರು ತನ್ನೊಳಗೆ ಮಾತಾಡಿಕೊಳ್ಳಲಿ. ನಂತರದ ಸಭೆಯಲ್ಲಿ ಲಿಖಿತ ಠರಾವು ಆಗಲಿ. ಆ ಠರಾವಿನಲ್ಲಿ ಧ್ವನಿಮುದ್ರಣ, ಫೋಟೊ, ನಕ್ಷೆಗಳ ಮೂಲಪ್ರತಿ ಯಾರ ಬಳಿ ಇರುತ್ತದೆ, ಪ್ರಕಟಣೆಗೆ ಮುಂಚೆ ಯಾರು ಓದಿ ಒಪ್ಪಬೇಕು, ಯಾವ ವಿಷಯ ಊರಿನಾಚೆ ಹೋಗಬಾರದು, ಊರು ಯಾವಾಗ ಬೇಕಾದರೂ ಒಪ್ಪಿಗೆಯನ್ನು ಹಿಂದಕ್ಕೆ ಪಡೆಯಬಹುದೆಂಬುದು, ಇಷ್ಟೂ ಬರೆದಿರಬೇಕು. ಕೆನಡಾದ ಮೂಲನಿವಾಸಿಗಳು ತಮ್ಮ ಮಾಹಿತಿಯ ಮೇಲೆ ಒಡೆತನ, ನಿಯಂತ್ರಣ, ಪ್ರವೇಶ, ಸ್ವಾಧೀನ ಈ ನಾಲ್ಕೂ ತಮ್ಮದೇ ಆಗಿರಬೇಕೆಂದು ರೂಪಿಸಿಕೊಂಡ ತತ್ವ ಠರಾವು ಬರೆಯುವಾಗ ಒಳ್ಳೆಯ ಮಾದರಿಯಾಗುತ್ತದೆ.

ಇಲ್ಲಿ ಸಾಮಾನ್ಯವಾಗಿ ಆಗುವ ತಪ್ಪು ಋತುವಿಗೆ ಸಂಬಂಧಿಸಿದ್ದು. ಕಾತಕರಿ ಕುಟುಂಬಗಳಲ್ಲಿ ಅನೇಕವು ಮಳೆಗಾಲ ಮುಗಿದ ಮೇಲೆ ಇಟ್ಟಿಗೆ ಭಟ್ಟಿಗಳಿಗೆ ಹೋಗಿ ಬೇಸಿಗೆಯ ಕೊನೆಗೆ ಮರಳುತ್ತವೆ. ಚಳಿಗಾಲದ ರಜೆಯಲ್ಲಿ ಹೋದ ವಿದ್ಯಾರ್ಥಿಗೆ ವಾಡಿಯಲ್ಲಿ ಸಿಗುವವರು ವೃದ್ಧರು ಮತ್ತು ಒಂದಿಬ್ಬರು ಮುಖಂಡರು ಮಾತ್ರ. 2012ರ ತಿದ್ದುಪಡಿಯ ಪ್ರಕಾರ ಅರಣ್ಯ ಹಕ್ಕಿನ ಗ್ರಾಮಸಭೆಗೆ ಅರ್ಧದಷ್ಟು ಸದಸ್ಯರ ಹಾಜರಿ ಬೇಕು, ಹಾಜರಾದವರಲ್ಲಿ ಮೂರನೇ ಒಂದು ಭಾಗ ಮಹಿಳೆಯರಿರಬೇಕು. ಈ ಅಳತೆಯನ್ನೇ ನಿಮ್ಮ ಅಧ್ಯಯನದ ಒಪ್ಪಿಗೆಗೂ ಇಟ್ಟುಕೊಳ್ಳಿ. ಸಭೆ ತುಂಬದಿದ್ದರೆ ಕಾಯಿರಿ; ವಿಶ್ವವಿದ್ಯಾಲಯದ ವೇಳಾಪಟ್ಟಿಗಾಗಿ ಊರಿನ ಅರ್ಧ ಜನರನ್ನು ಬಿಟ್ಟು ಮುಂದೆ ಹೋಗುವುದು ಅನ್ಯಾಯ.

3. ಪ್ರಶ್ನೆಯನ್ನು ಊರೇ ಆರಿಸಲಿ

ಗಡಚಿರೋಲಿ ಜಿಲ್ಲೆಯ ಮೇಂಢಾ-ಲೇಖಾ ಎಂಬ ಗೋಂಡರ ಊರಿನ ಹೆಸರನ್ನು ನೀವು ಕೇಳಿರಬಹುದು. 2009ರಲ್ಲಿ ಸುಮಾರು 1,800 ಹೆಕ್ಟೇರ್ ಕಾಡಿನ ಮೇಲೆ ಸಾಮುದಾಯಿಕ ಹಕ್ಕು ಪಡೆದು ದೇಶಕ್ಕೇ ಮೊದಲಿಗರಾದವರಲ್ಲಿ ಆ ಊರಿನವರೂ ಸೇರಿದ್ದಾರೆ. 2011ರಲ್ಲಿ ತಮ್ಮ ಬಿದಿರನ್ನು ಸಾಗಿಸುವ ಪರವಾನಗಿಯನ್ನು ತಾವೇ ಕೊಡುವ ಅಧಿಕಾರವನ್ನೂ ಪಡೆದರು. ಇದಕ್ಕೆ ಬಹಳ ಮೊದಲೇ ಅಲ್ಲಿ ಅಭ್ಯಾಸ ಗಟ, ಅಂದರೆ ಅಧ್ಯಯನ ಗುಂಪು, ನಡೆಯುತ್ತಿತ್ತು. ಹೊರಗಿನ ತಿಳಿದವರೂ ಊರಿನವರೂ ಕೂಡಿ ಕುಳಿತು ವಿಷಯವನ್ನು ಚರ್ಚಿಸುತ್ತಿದ್ದರು. ನಿರ್ಣಯವನ್ನು ಮಾತ್ರ ಗ್ರಾಮಸಭೆಯೇ ಸರ್ವಾನುಮತದಿಂದ ಕೈಗೊಳ್ಳುತ್ತಿತ್ತು. ನನ್ನ ಮಟ್ಟಿಗೆ ಸಂಶೋಧಕರ ಸ್ಥಾನ ಎಲ್ಲಿರಬೇಕೆಂಬುದಕ್ಕೆ ಇದಕ್ಕಿಂತ ಉತ್ತಮ ಉದಾಹರಣೆ ನಮ್ಮ ಸುತ್ತಮುತ್ತ ಇಲ್ಲ. ಅಭ್ಯಾಸ ಗಟದಲ್ಲಿ ನೀವು ಒಬ್ಬ ಸದಸ್ಯರು. ಗ್ರಾಮಸಭೆಯಲ್ಲಿ ನಿಮಗೆ ಮತವಿಲ್ಲ.

ನೀವು ಮದುವೆಯ ಪದ್ಧತಿಗಳ ಬಗ್ಗೆ ಬರೆಯಲು ಬಂದಿದ್ದು, ಊರು ‘ನಮ್ಮ ಅಳಲೆಕಾಯಿಯ ಮರಗಳ ಮೇಲೆ ಯಾರ ಹಕ್ಕು’ ಎಂದು ಕೇಳಿದರೆ ವಿಷಯ ಬದಲಿಸಲು ಸಿದ್ಧರಿರಿ. ಆಂಬೇಗಾಂವ್, ಜುನ್ನರ್ ಕಡೆಯ ಮಹಾದೇವ ಕೋಳಿ ಎಂಬ ಆದಿವಾಸಿ ಸಮುದಾಯದ ಕುಟುಂಬಗಳಿಗೆ ಹಿರಡಾ ಎಂದು ಕರೆಯುವ ಈ ಕಾಯಿ ಮುಖ್ಯ ಆದಾಯಗಳಲ್ಲೊಂದು. ಯಾವ ಮರ ಯಾವ ಮನೆಯದು, ಅದು ಹೇಗೆ ಹಂಚಿಕೆಯಾಯಿತು, ಜಗಳವಾದರೆ ಯಾರು ತೀರ್ಮಾನಿಸುತ್ತಾರೆ ಎಂಬುದನ್ನು ಬಿಡಿಸುತ್ತ ಹೋದರೆ ನೆಂಟಸ್ತಿಕೆಯೂ ಸಂಪ್ರದಾಯವೂ ಆಡಳಿತವೂ ಅದರಲ್ಲಿಯೇ ಸಿಗುತ್ತವೆ.

4. ಹಳೆಯ ದಾಖಲೆಗಳನ್ನು ಹುಡುಕಿ

ನಗರದಲ್ಲಿರುವ ನಿಮ್ಮಿಂದ ಊರಿಗೆ ಹೆಚ್ಚು ಪ್ರಯೋಜನವಾಗುವುದು ಈ ಹಂತದಲ್ಲಿ. ಮುಂಬೈಯ ರಾಜ್ಯ ಪತ್ರಾಗಾರ, ಪುಣೆಯ ಆದಿವಾಸಿ ಸಂಶೋಧನೆ ಮತ್ತು ತರಬೇತಿ ಸಂಸ್ಥೆ, ಡೆಕ್ಕನ್ ಕಾಲೇಜಿನ ಗ್ರಂಥಾಲಯ, ಪಣಜಿಯ ಪತ್ರಾಗಾರ ಇವು ಕೂಲಿ ಬಿಟ್ಟು ಬರಲಾಗದ ಜನರಿಗೆ ದೂರ, ನಿಮಗೆ ಹತ್ತಿರ. ಹಳೆಯ ಗೆಜೆಟಿಯರ್, ಅರಣ್ಯ ಇಲಾಖೆಯ ಕಾರ್ಯಯೋಜನೆ, ಸರ್ವೆ ವರದಿ, ತಲಾಠಿಯ, ಅಂದರೆ ಗ್ರಾಮ ಲೆಕ್ಕಿಗರ, ಬಳಿಯ ಸಾತ್‌ಬಾರಾ ಉತಾರ (ನಮ್ಮ ಪಹಣಿಯಂಥದ್ದು) ಇವುಗಳಲ್ಲಿ ಊರಿನ ಹೆಸರು ಬಂದ ಪುಟದ ಪ್ರತಿಯನ್ನು ಕಡತದ ಸಂಖ್ಯೆಯ ಸಹಿತ ಪಡೆಯಿರಿ. ಪಾಲ್ಘರ್ ಜಿಲ್ಲೆ ರೂಪುಗೊಂಡದ್ದು 2014ರ ಆಗಸ್ಟ್ 1ರಂದು. ಅದಕ್ಕಿಂತ ಹಳೆಯದನ್ನು ಠಾಣೆಯ ಹೆಸರಿನಲ್ಲಿ ಹುಡುಕಬೇಕು. ಜವ್ಹಾರ್ ಒಂದು ಸಂಸ್ಥಾನವಾಗಿತ್ತು. ಸಂಸ್ಥಾನಗಳ ದಾಖಲೆಗಳೂ ನಿಯಮ 13ರ ಪಟ್ಟಿಯಲ್ಲಿವೆ. ಗೋವಾದಲ್ಲಿ 1961ಕ್ಕೆ ಮುಂಚಿನ ಕಾಗದಗಳು ಬಹುಪಾಲು ಪೋರ್ಚುಗೀಸ್ ಭಾಷೆಯಲ್ಲಿರುವುದರಿಂದ ಬಲ್ಲವರ ನೆರವು ಬೇಕಾಗುತ್ತದೆ.

ಅತಿಕ್ರಮಣಕ್ಕಾಗಿ ದಂಡ ಕಟ್ಟಿದ ರಸೀದಿ ಸಿಕ್ಕರೆ ಅದನ್ನು ಅವಮಾನದ ಕಾಗದವೆಂದು ಬದಿಗಿಡಬೇಡಿ. ಆ ಕುಟುಂಬ ಆ ವರ್ಷ ಆ ನೆಲದಲ್ಲಿತ್ತು ಎಂಬುದನ್ನು ಅರಣ್ಯ ಇಲಾಖೆಯೇ ಬರೆದುಕೊಟ್ಟ ಮಾತು ಅದು.

5. ವಂಶಾವಳಿ ಮತ್ತು ಹಿರಿಯರ ಹೇಳಿಕೆ

ಮಾನವಶಾಸ್ತ್ರದ ವಿದ್ಯಾರ್ಥಿಗಳು ಮೊದಲ ವರ್ಷದಲ್ಲಿಯೇ ಕಲಿಯುವ ವಂಶಾವಳಿಯ ವಿಧಾನ ಇಲ್ಲಿ ನೇರವಾಗಿ ಪುರಾವೆಯಾಗುತ್ತದೆ, ಆದ್ದರಿಂದ ಇದನ್ನು ಅವಸರವಿಲ್ಲದೆ ಮಾಡಿ. ಹಳೆಯ ದಾಖಲೆಯಲ್ಲಿರುವ ಹೆಸರಿನಿಂದ ಇಂದಿನ ಕೋರಿಕೆದಾರರವರೆಗೆ ಕೊಂಡಿ ತಪ್ಪದಂತೆ ವಂಶಾವಳಿ ಇರಬೇಕು. ದಾಖಲೆಗಳಲ್ಲಿ ಒಬ್ಬರ ಹೆಸರೇ ಮೂರು ಬಗೆಯಾಗಿ ಬರೆದಿರುವುದುಂಟು. ತಂದೆಯ ಹೆಸರು, ಮನೆತನದ ಹೆಸರು, ಪಾಡಾದ ಹೆಸರು ಮೂರನ್ನೂ ಜೋಡಿಸಿ ನೋಡಿ. ಹೆಣ್ಣುಮಕ್ಕಳ ಹೆಸರನ್ನು ಬಿಡಬೇಡಿ. ಮದುವೆಯಾಗಿ ಬಂದವರ ತವರೂರನ್ನು ಬರೆದುಕೊಂಡರೆ ಯಾವ ಊರುಗಳ ನಡುವೆ ಕಾಡಿನ ಹಂಚಿಕೆ ಇತ್ತು ಎಂಬುದೂ ಹೊಳೆಯತೊಡಗುತ್ತದೆ.

ಹಿರಿಯರನ್ನು ‘ಇದು ಯಾವ ಇಸವಿ’ ಎಂದು ಕೇಳಿದರೆ ಉತ್ತರ ಸಿಗುವುದಿಲ್ಲ, ಸಿಕ್ಕರೂ ಅದನ್ನು ನಂಬುವಂತಿಲ್ಲ. ಇದಕ್ಕಾಗಿ ಘಟನೆಗಳ ಪಂಚಾಂಗವೊಂದನ್ನು ಮೊದಲೇ ಸಿದ್ಧಮಾಡಿಕೊಳ್ಳಿ. ಡಹಾಣೂ, ತಲಾಸರಿ ಕಡೆ 1945ರ ವಾರ್ಲಿ ಆದಿವಾಸಿಗಳ ಹೋರಾಟ; ಪುಣೆಯ ಸುತ್ತ 1961ರ ಜುಲೈ 12ರಂದು ಪಾನಶೇತ್ ಅಣೆಕಟ್ಟು ಒಡೆದದ್ದು; ಗೋವಾದಲ್ಲಿ ಅದೇ ವರ್ಷದ ಡಿಸೆಂಬರಿನಲ್ಲಿ ಪೋರ್ಚುಗೀಸರು ಹೋದದ್ದು; 1967ರ ಡಿಸೆಂಬರಿನ ಕೊಯ್ನಾ ಭೂಕಂಪ; 1972ರ ಬರಗಾಲ; ಇವುಗಳ ಜೊತೆಗೆ ಆ ಊರಿನದೇ ಆದ ಅಣೆಕಟ್ಟು, ರಸ್ತೆ, ಶಾಲೆ, ರೋಗರುಜಿನಗಳ ನೆನಪುಗಳನ್ನು ಸೇರಿಸಿ. ‘ಕೊಯ್ನಾ ಭೂಕಂಪದ ಹೊತ್ತಿಗೆ ನಿಮ್ಮ ದೊಡ್ಡ ಮಗ ಹುಟ್ಟಿದ್ದನೇ? ಆಗ ಈ ಗದ್ದೆಯನ್ನು ಯಾರು ಮಾಡುತ್ತಿದ್ದರು?’ ಎಂದು ಕೇಳಿದರೆ ಮಾತು ತಾನಾಗಿ ಬಿಚ್ಚಿಕೊಳ್ಳುತ್ತದೆ. 75 ವರ್ಷಗಳ ವಾಸ ತೋರಿಸಬೇಕಾದವರಿಗೆ ಗುರಿ 1930ರ ಡಿಸೆಂಬರ್. ಆ ಕಾಲವನ್ನು ಕಣ್ಣಾರೆ ಕಂಡವರು ಈಗ ವಿರಳ. ಹಾಗಾಗಿ ತಂದೆತಾಯಿಯರಿಂದ ಕೇಳಿದ್ದನ್ನು ‘ಕೇಳಿದ್ದು’ ಎಂದೇ ಬರೆದು, ಸ್ಮಶಾನ, ಹಳೆಯ ಬಾವಿ, ಬದು, ದೇವಸ್ಥಾನದಂಥ ಕಣ್ಣಿಗೆ ಕಾಣುವ ಗುರುತುಗಳೊಂದಿಗೆ ತಾಳೆ ಹಾಕಬೇಕು.

ನಿಯಮದ ಪ್ರಕಾರ ಹೇಳಿಕೆ ಕೊಡುವ ಹಿರಿಯರು ಸ್ವತಃ ಕೋರಿಕೆದಾರರಾಗಿರಬಾರದು. ಇದನ್ನು ಮರೆತು ಅಜ್ಜನ ಕೋರಿಕೆಗೆ ಅಜ್ಜನದೇ ಹೇಳಿಕೆ ಲಗತ್ತಿಸಿರುವ ಕಡತಗಳು ಬಹಳ. ಇನ್ನೊಂದು ಎಚ್ಚರಿಕೆ ಭಾಷೆಯದು: ವಾರ್ಲಿ ಅಥವಾ ಕಾತಕರಿ ಮಾತಿನಲ್ಲಿ ಹೇಳಿದ್ದನ್ನು ದುಭಾಷಿ ಶಿಷ್ಟ ಮರಾಠಿಗೆ ತಿರುಗಿಸುವಾಗ ಸ್ಥಳನಾಮಗಳು ಕಳೆದುಹೋಗುತ್ತವೆ. ಸ್ಥಳನಾಮಗಳನ್ನು ಕೇಳಿದಂತೆಯೇ ಬರೆಯಿರಿ. ದುಭಾಷಿಗೂ ದಾರಿ ತೋರಿಸುವವರಿಗೂ ಒಂದು ದಿನದ ಕೂಲಿಗೆ ಕಡಿಮೆಯಾಗದಂತೆ ಹಣ ಕೊಡಿ; ಹೇಳಿಕೆಗೆ ಮಾತ್ರ ಹಣ ಕೊಡಬೇಡಿ, ಏಕೆಂದರೆ ಮುಂದೆ ಅದೇ ಆ ಹೇಳಿಕೆಯನ್ನು ದುರ್ಬಲಗೊಳಿಸುತ್ತದೆ.

6. ನಡೆದು ನಕ್ಷೆ ಬರೆಯಿರಿ

ಸಾಮುದಾಯಿಕ ಹಕ್ಕಿನ ನಕ್ಷೆಯನ್ನು ಕಂಪ್ಯೂಟರಿನ ಮುಂದೆ ಆರಂಭಿಸಬೇಡಿ. ಮೊದಲು ಅಂಗಳದಲ್ಲಿ ರಂಗೋಲಿ ಪುಡಿಯಿಂದಲೋ ಸುಣ್ಣದಿಂದಲೋ ಊರಿನವರೇ ತಮ್ಮ ಕಾಡನ್ನು ಬರೆಯಲಿ. ಮಹಿಳೆಯರ ಗುಂಪಿಗೆ ಬೇರೆಯೇ ಅವಕಾಶ ಮಾಡಿಕೊಡಿ. ಗೆಡ್ಡೆ, ಸೊಪ್ಪು, ಸೌದೆ, ನೀರಿನ ಜಾಗಗಳು ಅವರ ನಕ್ಷೆಯಲ್ಲಿ ಹೆಚ್ಚು ವಿವರವಾಗಿ ಬರುತ್ತವೆ. ಆಮೇಲೆ ಗಡಿಯುದ್ದಕ್ಕೂ ನಡೆದು ಹಳ್ಳ, ಬಂಡೆ, ದೊಡ್ಡ ಮರ, ದೇವರಕಾಡು, ಮೀನು ಹಿಡಿಯುವ ಮಡು ಹೀಗೆ ಪ್ರತಿ ಗುರುತಿಗೂ ಜಿಪಿಎಸ್ ಬಿಂದು ಹಾಕಿ. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ತಮ್ಮ ಕುಲಗಳ ಎಲ್ಲೆಗಳನ್ನೂ ದೇವರ ತಾಣಗಳನ್ನೂ ಹೀಗೆಯೇ ನಕ್ಷೆಗೆ ತಂದರು. 2011ರಲ್ಲಿ ಹುಲಿ ಸಂರಕ್ಷಿತ ಪ್ರದೇಶದೊಳಗೆ ಅವರ ಗ್ರಾಮಸಭೆಗಳಿಗೆ ಸಾಮುದಾಯಿಕ ಹಕ್ಕು ದೊರೆತದ್ದು ಕನ್ನಡ ನಾಡಿನ ಹೆಮ್ಮೆಯ ಸಂಗತಿ.

ಪಕ್ಕದ ಊರನ್ನು ಕರೆಯದೆ ಗಡಿ ಎಳೆಯುವುದು ದೊಡ್ಡ ತಪ್ಪು. ಎರಡೂ ಊರಿನ ವನಹಕ್ಕು ಸಮಿತಿಗಳು ಕೂಡಿ ಕುಳಿತು ಬಗೆಹರಿಸಿಕೊಳ್ಳಬೇಕೆಂದು ನಿಯಮವೇ ಹೇಳುತ್ತದೆ. ಹಂಚಿಕೊಂಡ ಗೋಮಾಳವನ್ನು ಹಂಚಿಕೊಂಡದ್ದೆಂದೇ ತೋರಿಸಬಹುದು. ಸ್ಥಳ ಪರಿಶೀಲನೆಯ ದಿನಕ್ಕೆ ಅರಣ್ಯ ಮತ್ತು ಕಂದಾಯ ಇಲಾಖೆಗಳಿಗೆ ಸಮಿತಿಯ ಮೂಲಕ ಮುಂಚಿತವಾಗಿ ಲಿಖಿತ ಸೂಚನೆ ಕೊಡಿಸಿ, ಬಂದ ಅಧಿಕಾರಿಗಳಿಂದ ಹುದ್ದೆ ಮತ್ತು ದಿನಾಂಕದೊಂದಿಗೆ ಸಹಿ ಪಡೆಯಿರಿ. ಅಭಯಾರಣ್ಯದೊಳಗೆ ಹೋಗುವುದಿದ್ದರೆ ಸಂಶೋಧಕರಾದ ನಿಮಗೆ ಅರಣ್ಯ ಇಲಾಖೆಯ ಅನುಮತಿಯೂ ಬೇಕಾಗುತ್ತದೆ.

ಔಷಧಿ ಗಿಡಗಳ ತಾಣ, ಜೇನಿನ ಬಂಡೆ, ಗುಪ್ತವಾಗಿಡಬೇಕಾದ ಪೂಜಾಸ್ಥಳಗಳ ನಿಖರ ಬಿಂದುಗಳನ್ನು ಪ್ರಬಂಧದಲ್ಲಿ ಪ್ರಕಟಿಸಬೇಡಿ. ಕಡತಕ್ಕೆ ಅಗತ್ಯವಿದ್ದಷ್ಟು ಹೇಳಿ, ಉಳಿದದ್ದು ಊರಿನ ಪ್ರತಿಯಲ್ಲಿ ಮಾತ್ರ ಇರಲಿ.

7. ಓದಿ ಹೇಳಿ, ಒಪ್ಪಿಸಿ, ಸಲ್ಲಿಸಿ

ಸಂಗ್ರಹಿಸಿದ್ದನ್ನೆಲ್ಲ ಗ್ರಾಮಸಭೆಯಲ್ಲಿ ಗಟ್ಟಿಯಾಗಿ ಓದಿಸಿ. ತಿದ್ದಬೇಕೆಂದದ್ದನ್ನು ಅಲ್ಲಿಯೇ ತಿದ್ದಿ. ಅರ್ಜಿಗೆ ಮೂರು ನಮೂನೆಗಳಿವೆ: ವೈಯಕ್ತಿಕ ಭೂಮಿಗೆ ‘ಎ’, ಸಾಮುದಾಯಿಕ ಬಳಕೆಯ ಹಕ್ಕುಗಳಿಗೆ ‘ಬಿ’, ಕಾಡಿನ ನಿರ್ವಹಣೆಯ ಹಕ್ಕಿಗೆ ‘ಸಿ’. ಸ್ವಯಂ ಆಡಳಿತಕ್ಕೆ ಬೇಕಾದದ್ದು ‘ಸಿ’. ‘ಬಿ’ ಒಂದನ್ನೇ ತುಂಬಿ ಕೆಲಸ ಮುಗಿಯಿತೆಂದುಕೊಂಡ ಊರುಗಳು ನಿರ್ವಹಣೆಯ ಅಧಿಕಾರವಿಲ್ಲದೆ ಉಳಿದಿವೆ. ಪುರಾವೆ ಒಂದೇ ಬಗೆಯದಾಗಿರಬಾರದು. ಕನಿಷ್ಠ ಎರಡು ಬಗೆಯದಿರಲಿ. ಮೂಲಪ್ರತಿ ಊರಿನಲ್ಲಿ, ಒಂದು ಪ್ರತಿ ಕಚೇರಿಗೆ, ಸ್ವೀಕೃತಿಯ ಮುದ್ರೆ ಬಿದ್ದ ಪ್ರತಿ ಮತ್ತೆ ಊರಿಗೆ. ನಿಮ್ಮ ಬಳಿ ಇರುವುದು ಠರಾವು ಅನುಮತಿಸಿದಷ್ಟು ಮಾತ್ರ. ನಿಮ್ಮ ಪ್ರಬಂಧ ಇದಾದ ಮೇಲೆ ಬರಲಿ.

8. ಕೋರಿಕೆ ತಿರಸ್ಕೃತವಾದರೆ

ಗ್ರಾಮಸಭೆ ಕಳುಹಿಸಿದ ಕೋರಿಕೆಯನ್ನು ಉಪವಿಭಾಗ ಅಥವಾ ಜಿಲ್ಲಾ ಮಟ್ಟದ ಸರ್ಕಾರಿ ಸಮಿತಿ ತಳ್ಳಿಹಾಕಿದರೆ ಕಾರಣವನ್ನು ಲಿಖಿತವಾಗಿ ಕೊಡಬೇಕು. ಅದನ್ನು ಕೇಳಿ ಪಡೆಯಲು ಊರಿಗೆ ನೆರವಾಗಿ. ‘ಉಪಗ್ರಹ ಚಿತ್ರದಲ್ಲಿ ಕಾಣುವುದಿಲ್ಲ’ ಎಂಬ ಉತ್ತರ ಬಂದರೆ, ಉಪಗ್ರಹ ಚಿತ್ರ ಇತರ ಪುರಾವೆಗೆ ಪೂರಕವೇ ಹೊರತು ಅದರ ಬದಲಿಯಲ್ಲವೆಂದೂ, ಯಾವುದೇ ಒಂದು ನಿರ್ದಿಷ್ಟ ದಾಖಲೆಗಾಗಿ ಪಟ್ಟು ಹಿಡಿಯುವಂತಿಲ್ಲವೆಂದೂ 2012ರ ತಿದ್ದುಪಡಿಯಲ್ಲಿರುವುದನ್ನು ಮೇಲ್ಮನವಿಯಲ್ಲಿ ಎತ್ತಿ ತೋರಿಸಿ. ಗ್ರಾಮಸಭೆಯ ನಿರ್ಣಯದ ವಿರುದ್ಧ ಉಪವಿಭಾಗ ಮಟ್ಟದ ಸಮಿತಿಗೂ, ಆ ಸಮಿತಿಯ ನಿರ್ಣಯದ ವಿರುದ್ಧ ಜಿಲ್ಲಾ ಮಟ್ಟದ ಸಮಿತಿಗೂ ಹೋಗಲು ಇರುವ ಅವಧಿ 60 ದಿನ. ಕಾಯ್ದೆಯಲ್ಲಿ ಜಿಲ್ಲಾ ಸಮಿತಿಯ ಮಾತೇ ಕೊನೆಯದು. ಆದರೆ ಮಹಾರಾಷ್ಟ್ರದ ಅನುಸೂಚಿತ ಪ್ರದೇಶಗಳಲ್ಲಿ 2020ರ ಮೇ ತಿಂಗಳ ರಾಜ್ಯಪಾಲರ ಅಧಿಸೂಚನೆಯಿಂದಾಗಿ ವಿಭಾಗೀಯ ಸಮಿತಿಗೂ ಮೇಲ್ಮನವಿ ಸಲ್ಲಿಸಬಹುದು. ರಾಯಗಡದ ವಾಡಿಗೆ, ಗೋವಾದ ಊರಿಗೆ ಈ ದಾರಿ ಇಲ್ಲ. ಅಲ್ಲಿ ಜಿಲ್ಲಾ ಸಮಿತಿಯ ಮುಂದೆ ಹೋಗುವ ಕಡತವೇ ಆದಷ್ಟು ಗಟ್ಟಿಯಾಗಿರಬೇಕು, ಮತ್ತು ತಿರಸ್ಕಾರದ ಪತ್ರ ಊರಿಗೆ ತಲುಪಿದ ದಿನಾಂಕವನ್ನು ಅಂದೇ ಗ್ರಾಮಸಭೆಯ ಪುಸ್ತಕದಲ್ಲಿ ಬರೆಸಿಡಬೇಕು.